ಕೆರೆ ಪಕ್ಕದ ಸಣ್ಣ ಊರುಗಳು: ಸುರಪುರ, ಚಿಂಚೋಳಿ, ಬಸವಕಲ್ಯಾಣ. ನಾಲ್ಕು ದಿನಕ್ಕೆ ಯಾವ ದಾರಿ ಹಿಡಿಯೋದು?

ಹಾದಿಹೋಕ
ಜನವರಿ 12ರಿಂದ 15ರ ತನಕ ನಾಲ್ಕು ದಿನ. ಕಲಬುರಗಿಯಿಂದ ಹೊರಡೋದು, ಸಣ್ಣ ಹ್ಯಾಚ್‌ಬ್ಯಾಕ್ ಕಾರು, ಜೊತೆಗೆ ಎಪ್ಪತ್ತು ದಾಟಿದ ಇಬ್ಬರು ಹಿರಿಯರು. ಕೋಟೆ, ಗುಮ್ಮಟ ಬೇಡ. ಕೆರೆಯೋ ಜಲಾಶಯವೋ ಹತ್ತಿರ ಇರೋ ಸಣ್ಣ ಊರು, ಮುಂಜಾನೆ ನೀರಿನ ದಂಡೆ, ಮಧ್ಯಾಹ್ನ ಊರೊಳಗೆ ಊಟ, ಸಂಜೆ ಮತ್ತೆ ನೀರು. ಯೋಜನೆ ಹೀಗಿದೆ: ಮೊದಲ ದಿನ ಶಹಾಪುರ–ಸುರಪುರ–ಬೋನಾಳ ಕೆರೆ, ಎರಡನೇ ದಿನ ಯಾದಗಿರಿ–ಹತ್ತಿಕುಣಿ ಜಲಾಶಯ, ಮೂರನೇ ದಿನ ಚಿಂಚೋಳಿ–ಚಂದ್ರಂಪಳ್ಳಿ ಜಲಾಶಯ, ನಾಲ್ಕನೇ ದಿನ ಹುಮನಾಬಾದ್–ಬಸವಕಲ್ಯಾಣ–ಕಾರಂಜಾ ಜಲಾಶಯ ನೋಡಿ ವಾಪಸ್. ಆಗುತ್ತಾ? ಎಲ್ಲಿ ತಪ್ಪಿದೆ ಹೇಳಿ.

ಸಗರನಾಡು
ಆಗ್ತದ ಅಂದ್ರ ಆಗ್ತದ್ರಿ, ಆದ್ರ ನಾಲ್ಕೂ ದಿನ ಗಾಡಿ ಒಳಗೇ ಕುಂದರ್ತೀರಿ. ಯಾದಗಿರಿ, ಕಲಬುರಗಿ, ಬೀದರ್ ಮೂರು ಜಿಲ್ಲಾ ಒಂದೇ ಸುತ್ತಿನ್ಯಾಗ ಬ್ಯಾಡ. ಸುರಪುರ–ಯಾದಗಿರಿ ಕಡಿ ದಕ್ಷಿಣದ ಸುತ್ತು ಬ್ಯಾರೆ, ಚಿಂಚೋಳಿ–ಬಸವಕಲ್ಯಾಣ ಕಡಿ ಉತ್ತರದ ಸುತ್ತು ಬ್ಯಾರೆ. ನಾಲ್ಕು ದಿನಕ್ಕ ಒಂದೇ ಸುತ್ತು ಇಟ್ಕೊಳ್ರಿ.

ನನ್ನ ಕೇಳಿದ್ರ ದಕ್ಷಿಣ. ಕಲಬುರಗಿ ಬಿಟ್ಟು ಕಟ್ಟಿಸಂಗಾವಿ ಹತ್ರ ಭೀಮಾ ದಾಟಿ ಜೇವರ್ಗಿ, ಅಲ್ಲಿಂದ 150ಎ ಹೆದ್ದಾರಿ ಹಿಡದು ಶಹಾಪುರ, ಮುಂದ ಸುರಪುರ. ಒಟ್ಟು 110 ಕಿ.ಮೀ. ಆಸುಪಾಸು. ಶಹಾಪುರದ ಗುಡ್ಡ ಬುದ್ಧ ಮಲಗಿದಂಗ ಕಾಣೋದು ದೂರದಿಂದ. ಊರಾಗ ಹೊಕ್ಕ ಮ್ಯಾಲೆ ಆ ಆಕಾರ ಒಡೆದುಹೋಗ್ತದ, ಅದಕ್ಕ ಊರು ಇನ್ನೂ ಮುಂದ ಇದ್ದಾಗಲೇ ಗಾಡಿ ಬದಿಗೆ ಹಚ್ಚಿ ನೋಡ್ರಿ. ಸುರಪುರದಾಗ ಎರಡು ರಾತ್ರಿ ಇರ್ರಿ, ಬೋನಾಳ ಅಲ್ಲಿಂದ ಹತ್ತು ಹನ್ನೆರಡು ಕಿ.ಮೀ. ಅಷ್ಟೇ. ಒಂದು ಸಂಜಿ, ಎರಡು ಮುಂಜಾನಿ ಕೆರಿಗೆ ಸಿಗ್ತಾವ. ನಾಲ್ಕನೇ ದಿನ ಯಾದಗಿರಿ ಮ್ಯಾಲಿಂದ ಹತ್ತಿಕುಣಿ ನೋಡ್ಕೊಂಡು ಮನಿ.

ಕಾರಂಜಾ ದಂಡೆ
ಒಂದೇ ಸುತ್ತು ಅನ್ನೋದಕ್ಕೆ ಸಂಪೂರ್ಣ ಒಪ್ಪಿಗೆ. ಆದರೆ ಹಿರಿಯರು ಜೊತೆಗಿದ್ದರೆ ಉತ್ತರವೇ ವಾಸಿ. ಸುರಪುರದಲ್ಲಿ ವಸತಿಗೃಹಗಳು ಕೈಬೆರಳೆಣಿಕೆ, ಲಿಫ್ಟ್ ಇರೋದು ಕಷ್ಟ. ಬಸವಕಲ್ಯಾಣಕ್ಕೆ ವರ್ಷಪೂರ್ತಿ ಯಾತ್ರಿಕರು ಬರುತ್ತಾರೆ, ಹಾಗಾಗಿ ನೆಲಮಹಡಿಯ ರೂಮು, ಬಿಸಿನೀರು, ಬೇಗ ಸಿಗುವ ಊಟ ಎಲ್ಲ ಇದೆ. ಕಲಬುರಗಿಯಿಂದ ಕಮಲಾಪುರ ದಾಟಿ ಹುಮನಾಬಾದ್ 60 ಕಿ.ಮೀ. ಇರಬಹುದು, ಅಲ್ಲಿಂದ 65ನೇ ಹೆದ್ದಾರಿಯಲ್ಲಿ ಸೊಲ್ಲಾಪುರದ ಕಡೆ ಹೋದರೆ ಬಸವಕಲ್ಯಾಣದ ತಿರುವು. ದಾರಿಯೂ ಸಲೀಸು.

ತ್ರಿಪುರಾಂತಕ ಕೆರೆ ಊರಿಗೇ ಅಂಟಿಕೊಂಡಿದೆ. ಶರಣರ ಗವಿಗಳು ಆ ದಂಡೆಯ ಸುತ್ತ ಇವೆ. ಕಾರು ನಿಲ್ಲಿಸಿದರೆ ಒಂದೊಂದಕ್ಕೂ ಹತ್ತು ನಿಮಿಷದ ನಡಿಗೆ ಸಾಕು. ಗವಿಗಳ ಬಾಗಿಲು ತಗ್ಗು, ಒಳಗೆ ನೆಲ ನುಣುಪು, ಮೊಣಕಾಲು ನೋವಿನವರು ಹೊರಗೆ ಕುಳಿತುಕೊಳ್ಳೋದೇ ಒಳ್ಳೆಯದು. ಅವರು ಕೂತ ಜಾಗದಿಂದಲೇ ನೀರು ಕಾಣುತ್ತೆ ಅನ್ನೋದು ಈ ಊರಿನ ಅನುಕೂಲ.

ತೊಗರಿಕಾಳು
ದಿನಾಂಕ ನೋಡಿದ್ರಾ ಯಾರಾದ್ರೂ? 14 ಸಂಕ್ರಾಂತಿ. ಮೈಲಾಪುರ ಜಾತ್ರಿ.

ಹಾದಿಹೋಕ
ಮೈಲಾರದ ಕಾರಣಿಕ ಅಲ್ವಾ ಅದು? ಅದು ಬಳ್ಳಾರಿ ಕಡೆ ಅಲ್ಲವೇ?

ತೊಗರಿಕಾಳು
ಅಲ್ರಿ. ಕಾರಣಿಕ ನುಡಿಯೋದು ಹೂವಿನಹಡಗಲಿ ತಾಲೂಕಿನ ಮೈಲಾರದಾಗ, ಅದು ಭರತ ಹುಣ್ಣಿಮಿ ಸುತ್ತ. ಬೀದರ್ ಜಿಲ್ಲಾ ಖಾನಾಪುರದ ಮೈಲಾರ ಮಲ್ಲಣ್ಣ ಇನ್ನೊಂದು. ನಾ ಹೇಳಿದ್ದು ಯಾದಗಿರಿ ಹತ್ರ ಮೈಲಾಪುರದ ಮಲ್ಲಯ್ಯ. ಗುಡ್ಡದ ಬುಡದಾಗ ಹೊನ್ನಕೆರಿ ಅದ, ಸಂಕ್ರಾಂತಿ ದಿನ ದೇವರ ಪಲ್ಲಕ್ಕಿ ಆ ಕೆರಿಗೆ ಗಂಗಾಸ್ನಾನಕ್ಕ ಬರ್ತದ, ವಾಪಸ್ ಹೋದ ಮ್ಯಾಲೆ ಸರಪಳಿ ಹರಿಯೋದು. ಕರ್ನಾಟಕ, ತೆಲಂಗಾಣ, ಆಂಧ್ರ ಎಲ್ಲಾ ಕಡಿಂದ ಜನ. ಹಿಂದ ಪಲ್ಲಕ್ಕಿ ಮ್ಯಾಲೆ ಕುರಿಮರಿ ಎಸಿತಿದ್ರು, ಈಗ ಅದಕ್ಕ ನಿಷೇಧ ಅದ. ಅದಕ್ಕೇ ಸುತ್ತಲಿನ ಸಡಕಿನ ಮ್ಯಾಲೆ ಪೊಲೀಸರು ನಾಕಾ ಹಾಕಿ ಪ್ರತಿ ಗಾಡಿ ತಡದು ನೋಡ್ತಾರ. 13, 14 ಎರಡೂ ದಿನ ಯಾದಗಿರಿ ಕಡಿ ಸಡಕು ಟ್ರ್ಯಾಕ್ಟರ್, ಟಂಟಂನಿಂದ ತುಂಬಿರ್ತಾವ. ನಿಧಾನಕ್ಕ ಹೊಂಟೋರಿಗೆ ಅದು ಸರಿಯಾದ ದಿನ ಅಲ್ಲ.

ಸಗರನಾಡು
ಇದು ಖರೆ ಮಾತು. ಹಂಗಾದ್ರ ದಕ್ಷಿಣ ಸುತ್ತಿನ್ಯಾಗ ಯಾದಗಿರಿ ಬಿಡ್ರಿ. 12, 13 ಸುರಪುರ–ಬೋನಾಳ, 14ಕ್ಕ ಹುಣಸಗಿ ಕಡಿ, 15ಕ್ಕ ಹೋದ ದಾರೀಲೇ ಜೇವರ್ಗಿ ಮ್ಯಾಲಿಂದ ವಾಪಸ್. ಜಾತ್ರಿ ಗದ್ದಲ ಆ ಕಡಿಗೆ ಮುಟ್ಟೋದಿಲ್ಲ. ಆದ್ರ ಸಂಕ್ರಾಂತಿ ದಿನ ಕೃಷ್ಣಾ ದಂಡಿ ಮ್ಯಾಲಿನ ತಿಂಥಣಿ, ನಾರಾಯಣಪುರದ ಛಾಯಾ ಭಗವತಿ ಎರಡೂ ಕಡಿ ಹೊಳಿ ಸ್ನಾನಕ್ಕ ಜನ ಬರ್ತಾರ. ಮಧ್ಯಾಹ್ನ ಎರಡರ ಮ್ಯಾಲೆ ಹೋಗ್ರಿ.

ಎರೆಹೊಲ
ಎಲ್ಲರೂ ಊರು ಹೇಳ್ತಿದ್ದೀರಿ, ಮಣ್ಣಿನ ಬಗ್ಗೆ ಯಾರೂ ಹೇಳ್ಲಿಲ್ಲ. ಸಣ್ಣ ಕಾರು ಅಂದಿದ್ದಾರೆ. ಈ ಕಡೆ ಪ್ರವಾಸ ಕೆಡೋದು ಹೆಚ್ಚಾಗಿ ಕೆರೆಯಂಗಳದ ಎರೆ ಮಣ್ಣಲ್ಲಿ.

ಜನವರಿ ಅಂದ್ರೆ ಒಣಗಿರುತ್ತೆ ಅನ್ನೋದು ತಪ್ಪು ಲೆಕ್ಕ. ಹಿಂಗಾರಿಗೆ ಕಾಲುವೆಗೆ ನೀರು ಬಿಟ್ಟ ಹಾಗೆ ಜಲಾಶಯದ ಮಟ್ಟ ದಿನಾ ಸ್ವಲ್ಪ ಸ್ವಲ್ಪ ಇಳಿಯುತ್ತೆ, ಬಯಲಾದ ನೆಲ ಮೇಲೆ ಬಿರುಕು ಬಿಟ್ಟು ಗಟ್ಟಿಯಾಗಿ ಕಾಣುತ್ತೆ, ಅಂಗೈ ಆಳದ ಕೆಳಗೆ ಇನ್ನೂ ಹಸಿ. ಆಳು ಮೇಲೆ ನಡೆದರೆ ಏನೂ ಆಗಲ್ಲ, ಕಾರಿನ ಮುಂದಿನ ಗಾಲಿ ಬಂದ ತಕ್ಷಣ ಪದರ ಒಡೆದು ಇಳಿಯುತ್ತೆ. ಒಂದು ಕೋಲು ಚುಚ್ಚಿ ನೋಡಿ. ನಾಲ್ಕು ಬೆರಳಿಗಿಂತ ಆಳಕ್ಕೆ ಸಲೀಸಾಗಿ ಹೋದರೆ ಅಲ್ಲಿಗೆ ಗಾಡಿ ಬೇಡ. ದನ ನೀರಿಗಿಳಿಯೋ ದಾರಿ, ಟ್ರ್ಯಾಕ್ಟರ್ ಗಾಲಿ ಗುರುತು ನೋಡಿ ನಂಬಬೇಡಿ, ಟ್ರ್ಯಾಕ್ಟರಿನ ಗಾಲಿ ಎತ್ತರ ಬೇರೆ, ನಿಮ್ಮದು ಬೇರೆ. ಗಾಡಿ ಏರಿ ಮೇಲೆ ಅಥವಾ ಮುರುಮು ಹಾಕಿದ ದಾರಿ ಮೇಲೇ ಬಿಟ್ಟು ನಡೆದು ಇಳಿಯಿರಿ.

ಹಾದಿಹೋಕ
ಅಕಸ್ಮಾತ್ ಸಿಕ್ಕಿಕೊಂಡರೆ?

ಎರೆಹೊಲ
ಮೊದಲ ಕೆಲಸ, ಎಕ್ಸಲರೇಟರ್ ಒತ್ತೋದು ನಿಲ್ಲಿಸಿ. ಗಾಲಿ ಒಂದೇ ಕಡೆ ತಿರುಗಿದಷ್ಟೂ ಕೆಳಗಿನ ಹಸಿ ಮಣ್ಣು ಮೇಲೆ ಬಂದು ಟೈರಿನ ಗೀರುಗಳಲ್ಲಿ ತುಂಬಿ ಟೈರು ನುಣ್ಣಗಾಗುತ್ತೆ. ಸ್ಟೇರಿಂಗ್ ನೇರ ಮಾಡಿ. ಎಲ್ಲರನ್ನೂ ಇಳಿಸಿ. ಗಾಲಿ ಮತ್ತು ಮಡ್‌ಗಾರ್ಡ್ ನಡುವೆ ಮೆತ್ತಿಕೊಂಡ ಮಣ್ಣನ್ನು ಸನಿಕೆಯಿಂದಲೋ ಕಟ್ಟಿಗೆಯಿಂದಲೋ ಕೆರೆದು ತೆಗೆಯಿರಿ, ಇದನ್ನ ಬಿಟ್ಟರೆ ಬೇರೆ ಏನು ಮಾಡಿದರೂ ಗಾಲಿ ಹಿಡಿದೇ ಇರುತ್ತೆ. ಮುಂದಿನ ಎರಡು ಟೈರಿನ ಗಾಳಿ 18–20 ಪಿಎಸ್‌ಐಗೆ ಇಳಿಸಿ. ಗಾಲಿ ಹಿಂದೆ ಗೋಣಿಚೀಲ ಅಥವಾ ತೊಗರಿ ಕಟ್ಟಿಗೆ ಹಾಸಿ, ಬಂದ ಜಾಡಿನಲ್ಲೇ ರಿವರ್ಸ್ ತಗೊಳ್ಳಿ, ಕ್ಲಚ್ ನಿಧಾನಕ್ಕೆ ಬಿಡಿ. ಮುಂದಕ್ಕೆ ಹೋಗಿ ತಿರುಗಿಸಿಕೊಂಡು ಬರ್ತೀನಿ ಅನ್ನೋ ಯೋಚನೆ ಬೇಡ, ಮುಂದೆ ಇನ್ನೂ ಹಸಿ.

ಟ್ರ್ಯಾಕ್ಟರ್‌ನಿಂದ ಎಳೆಸೋದಾದರೆ ಟೂಲ್ ಕಿಟ್‌ನಲ್ಲಿರೋ ಕೊಕ್ಕೆಯನ್ನು ಬಂಪರಿನ ಮುಚ್ಚಳದ ಹಿಂದಿನ ತೂತಿಗೆ ಪೂರ್ತಿ ಬಿಗಿದು ಅದಕ್ಕೇ ಹಗ್ಗ ಹಾಕಿಸಿ. ಬಂಪರಿಗೋ ಕೆಳಗಿನ ಸಸ್ಪೆನ್ಷನ್ ತೋಳಿಗೋ ಕಟ್ಟಿದರೆ ಅದೇ ಕಿತ್ತು ಬರುತ್ತೆ. ಹಗ್ಗದ ನೇರಕ್ಕೆ ಯಾರೂ ನಿಲ್ಲಬಾರದು.

ಫರ್ಸಿಕಲ್ಲು
ಎರೆಹೊಲ ಅವರು ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಹೊರಗೆ ಬಂದ ಮೇಲೆ ಹೆದ್ದಾರಿಯಲ್ಲಿ 70–80ಕ್ಕೆ ಸ್ಟೇರಿಂಗ್ ನಡುಗಿದರೆ ಅಲೈನ್‌ಮೆಂಟ್ ಹಾಳಾಯ್ತು ಅಂತ ಗಾಬರಿ ಬೀಳಬೇಡಿ. ರಿಮ್ಮಿನ ಒಳಬದಿಗೆ ಎರೆ ಮಣ್ಣು ಒಂದೇ ಕಡೆ ಅಂಟಿ ಒಣಗಿರುತ್ತೆ, ಗಾಲಿಯ ತೂಕ ಸಮ ಇರಲ್ಲ. ವಾಷಿಂಗ್ ಸೆಂಟರಿನಲ್ಲಿ ರಿಮ್ಮಿನ ಒಳಬದಿ, ಬ್ರೇಕಿನ ಸುತ್ತ ನೀರು ಹೊಡೆಸಿ, ಬಹುತೇಕ ಅಲ್ಲಿಗೇ ಸರಿಹೋಗುತ್ತೆ. ಇಳಿಸಿದ ಗಾಳಿ ತುಂಬಿಸದೆ ಹೆದ್ದಾರಿ ಹತ್ತಬೇಡಿ, 20 ಪಿಎಸ್‌ಐನಲ್ಲಿ ವೇಗಕ್ಕೆ ಹೋದರೆ ಟೈರಿನ ಪಕ್ಕೆ ಕಾದು ಒಡೆಯುತ್ತೆ. ಸಿಗರೇಟ್ ಲೈಟರ್ ಸಾಕೆಟ್ಟಿಗೆ ಹಾಕೋ ಗಾಳಿ ಪಂಪು ಇದ್ದರೆ ಹಳ್ಳಿಯಲ್ಲಿ ಪಂಕ್ಚರ್ ಅಂಗಡಿ ಹುಡುಕೋ ಕೆಲಸ ಇಲ್ಲ.

ಬಾನಾಡಿ ನೋಟ
ಬೋನಾಳಕ್ಕೆ ಹೋಗೋರು ಹೊತ್ತು ತಿಳ್ಕೊಂಡು ಹೋಗಿ. ಪಟ್ಟೆತಲೆ ಹೆಬ್ಬಾತು ಚಳಿಗಾಲಕ್ಕೆ ಹಿಮಾಲಯದ ಆಚೆಯಿಂದ ಬರುವ ಹಕ್ಕಿ, ಜನವರಿ ಅದಕ್ಕೆ ಸರಿಯಾದ ತಿಂಗಳು. ಎಲ್ಲರೂ ನಸುಕಿನಲ್ಲೇ ಓಡ್ತಾರೆ, ಖಾಲಿ ನೀರು ನೋಡಿ ಬೇಸರ ಪಡ್ತಾರೆ. ಈ ಬಾತುಗಳು ರಾತ್ರಿ ಮತ್ತು ನಸುಕಿನಲ್ಲಿ ಹೊಲಗದ್ದೆಗಳಲ್ಲಿ ಮೇಯ್ತವೆ, ಬಿಸಿಲು ಏರುವಾಗ ಗುಂಪು ಗುಂಪಾಗಿ ನೀರಿಗೆ ವಾಪಸ್ ಬರ್ತವೆ. ಎಂಟರಿಂದ ಹತ್ತು ಗಂಟೆ ನಡುವೆ ದಂಡೆಯಲ್ಲಿ ಕೂತರೆ ಅವು ಇಳಿಯೋದನ್ನೇ ನೋಡಬಹುದು: ಕತ್ತು ಚಾಚಿ, ಕೂಗುತ್ತಾ, ರೆಕ್ಕೆ ಕಮಾನು ಮಾಡಿ, ಕೊನೇ ಗಳಿಗೆಯಲ್ಲಿ ಕಿತ್ತಳೆ ಕಾಲು ಮುಂದೆ ಮಾಡಿ ನೀರು ಸೀಳಿಕೊಂಡು ನಿಲ್ತವೆ. ತಲೆ ಹಿಂದೆ ಎರಡು ಕಪ್ಪು ಪಟ್ಟೆ ಇದ್ದರೆ ಅದೇ.

ಮುಂಜಾನೆ ಪೂರ್ವದ ದಂಡೆಯಲ್ಲಿರಿ, ಸೂರ್ಯ ಬೆನ್ನ ಹಿಂದೆ ಇರಬೇಕು. ಎದುರು ದಂಡೆಯಿಂದ ನೋಡಿದರೆ ಎಲ್ಲಾ ಹಕ್ಕಿಯೂ ಕಪ್ಪು ನೆರಳು. ಬೈನಾಕ್ಯುಲರ್ 8x42 ಸಾಕು. 10x ಹಿಡಿದರೆ ಹಿರಿಯರ ಕೈ ನಡುಕಕ್ಕೆ ಚಿತ್ರ ನಿಲ್ಲಲ್ಲ. ಕಾರಿನ ಬಾಗಿಲು ಧಡಕ್ಕಂತ ಹಾಕಬೇಡಿ, ಹಾರ್ನ್ ಬೇಡ, ಬಿಳಿ ಅಂಗಿ ಬೇಡ. ಹೆಬ್ಬಾತು ಒಮ್ಮೆ ಎದ್ದರೆ ಆವತ್ತು ಆ ಕಡೆ ಇಳಿಯೋದು ಅನುಮಾನ. ನಾಮಕೋಳಿ, ಬಣ್ಣದ ಕೊಕ್ಕರೆ, ಜೌಗಿನ ಹುಲ್ಲಲ್ಲಿ ಓಡಾಡೋ ನೇರಳೆ ಜಂಬುಕೋಳಿ ಇವು ಹೆಬ್ಬಾತಿಗಿಂತ ಧೈರ್ಯದವು, ಹತ್ತಿರದಿಂದಲೇ ಸಿಗ್ತವೆ.

ಮಾಂಜ್ರಾ ಸವಾರ
ಬೋನಾಳ ಕೆರೆ ಕಟ್ಟಿಸಿದ್ದು ಟೇಲರ್ ಸಾಹೇಬ ಅಲ್ವಾ? ಬ್ರಿಟಿಷರು ಇಲ್ಲದಿದ್ರೆ ಆ ಕೆರೆನೇ ಇರ್ತಿರಲಿಲ್ಲ.

ಸಗರನಾಡು
ಇಲ್ರಿ, ಇದು ಭಾಳ ಮಂದಿ ಮಾಡೋ ತಪ್ಪು. ಕೆರಿ ಸುರಪುರದ ನಾಯಕ ಅರಸರದು, ಟೇಲರ್ ಬರೋಕ್ಕಿಂತ ಭಾಳ ಹಿಂದಿಂದು. ಫಿಲಿಪ್ ಮೆಡೋಸ್ ಟೇಲರ್ ಸುರಪುರಕ್ಕ ಬಂದಿದ್ದು 1841ರಾಗ, ಬಾಲಕ ರಾಜ ವೆಂಕಟಪ್ಪ ನಾಯಕ ದೊಡ್ಡವ ಆಗೋ ತನಕ ಸಂಸ್ಥಾನದ ಆಡಳಿತ ನೋಡ್ಕೊಳ್ಳೋಕ. 1853ರಾಗ ಹೊಂಟುಹೋದ. ಗುಡ್ಡದ ಮ್ಯಾಲಿನ ಟೇಲರ್ ಮಂಜಿಲ್ ಆತ ಇದ್ದ ಮನಿ. ಅದೇ ವೆಂಕಟಪ್ಪ ನಾಯಕ 1858ರಾಗ ಇಂಗ್ಲಿಷರ ವಿರುದ್ಧ ಎದ್ದ. ಟೇಲರ್ ಇಲ್ಲಿನ ಜನಕ್ಕ ಒಳ್ಳೇದು ಮಾಡಿದ ಅನ್ನೋದು ಒಪ್ಪೋ ಮಾತು, ಆದ್ರ ಕೆರಿ ಕಟ್ಟಿಸಿದ ಪುಣ್ಯ ನಾಯಕರದು.

ಮಾಂಜ್ರಾ ಸವಾರ
ಸರಿ, ತಿದ್ದಿಕೊಂಡೆ.

ಬೆಣ್ಣೆತೊರೆ
ಟೇಲರ್ ಹೆಸರು ಬಂದಿದ್ದಕ್ಕೆ: ಹುಣಸಗಿ ಕಡೆ ಹೋಗೋದಾದರೆ ರಾಜನಕೋಳೂರಿನ ಕಲ್ಲುಮನೆ ಬಿಡಬೇಡಿ. ಶಿಲಾಯುಗದ ಕೊನೆ, ಕಬ್ಬಿಣಯುಗದ ಕಾಲದ ಬೃಹತ್ ಶಿಲಾ ಸಮಾಧಿಗಳು. ಮೂರು ಕಡೆ ನಿಂತ ಚಪ್ಪಡಿ, ಮೇಲೊಂದು ಮುಚ್ಚಳದ ಚಪ್ಪಡಿ. ಅವನ್ನು ಮೊದಲು ಅಳತೆ ಮಾಡಿ ವಿವರವಾಗಿ ಬರೆದವರಲ್ಲಿ ಟೇಲರ್ ಒಬ್ಬ. ಅದೇ ಹುಣಸಗಿ ಕಣಿವೆಯ ಇಸಾಂಪುರದಲ್ಲಿ ಸಿಕ್ಕ ಕೈಗೊಡಲಿಗಳಿಗೆ ಸುಮಾರು 12 ಲಕ್ಷ ವರ್ಷ ಅಂತ ಕಾಲ ನಿರ್ಣಯ ಆಗಿದೆ. ಅಲ್ಲಿ ನೋಡೋಕೆ ಕಟ್ಟಡ ಇಲ್ಲ, ಹೊಲ ಮತ್ತು ಸುಣ್ಣಕಲ್ಲಿನ ಬಂಡೆ ಅಷ್ಟೇ. ಆದರೆ ಮನುಷ್ಯ ಅಷ್ಟು ಹಿಂದೆ ಇಲ್ಲಿ ನಿಂತಿದ್ದು ಕಲ್ಲು ಮತ್ತು ನೀರು ಒಟ್ಟಿಗೆ ಸಿಕ್ಕಿದ್ದಕ್ಕೆ ಅನ್ನೋದು ಆ ಕಣಿವೆ ನೋಡಿದರೆ ಅರ್ಥವಾಗುತ್ತೆ. ಕಲ್ಲಿನ ಚೂರು ಹೆಕ್ಕಿ ಜೇಬಿಗೆ ಹಾಕಬೇಡಿ.

ಫರ್ಸಿಕಲ್ಲು
ಕಬ್ಬಿಣಯುಗ ಒಂದೇ ಸಾಕು, ಶಿಲಾಯುಗದ ಕೊನೆ ಅಂತ ಸೇರಿಸಿದ್ರೆ ಗೊಂದಲ. ದಕ್ಷಿಣ ಭಾರತದ ಕಲ್ಲುಮನೆಗಳನ್ನ ಸಾಮಾನ್ಯವಾಗಿ ಕಬ್ಬಿಣಯುಗಕ್ಕೇ ಸೇರಿಸ್ತಾರೆ. ನವಶಿಲಾಯುಗ ಬೇಕಿದ್ದರೆ ಸುರಪುರ ತಾಲೂಕಿನ ಬೂದಿಹಾಳದ ಬೂದಿದಿಬ್ಬ ನೋಡಿ, ದನದ ಸಗಣಿ ಸುಟ್ಟು ಆದ ದಿಬ್ಬ ಅದು.

ಬೆಣ್ಣೆತೊರೆ
ಒಪ್ಪಿದೆ.

ಲಂಬಾಣಿ ತಾಂಡಾ ಹಾದಿ
ಚಿಂಚೋಳಿಯನ್ನ ಯಾಕೆ ಎಲ್ಲರೂ ಕೈಬಿಟ್ರಿ? ಕಲಬುರಗಿ ಅಂದ್ರೆ ಬಯಲು, ಬಿಸಿಲು ಅನ್ನೋರಿಗೆ ತೋರಿಸಬೇಕಾದ ಜಾಗ ಅದು. 2011ರಲ್ಲಿ ವನ್ಯಜೀವಿಧಾಮ ಅಂತ ಘೋಷಣೆ ಆಯ್ತು, 134 ಚ.ಕಿ.ಮೀ. ಚಿಲ್ಲರೆ, ಒಣಭೂಮಿಯ ಕಾಡು. ಕಲಬುರಗಿಯಿಂದ ಚಿಂಚೋಳಿ 85 ಕಿ.ಮೀ. ಇರಬಹುದು, ಅಲ್ಲಿಂದ ಚಂದ್ರಂಪಳ್ಳಿ ಜಲಾಶಯಕ್ಕೆ ಅರ್ಧ ಗಂಟೆ. ಸುತ್ತ ಗುಡ್ಡ, ನಡುವೆ ನೀರು, ಎದುರು ದಂಡೆಗೆ ಕಾಡು ಇಳಿದು ಬಂದಿರುತ್ತೆ. ಈ ಮೂರು ಜಿಲ್ಲೆಯಲ್ಲಿ ಇಂಥ ನೋಟ ಇನ್ನೊಂದಿಲ್ಲ. ಹತ್ತಿರದಲ್ಲೇ ಎತ್ತಿಪೋತ ಜಲಪಾತ.

ಕಾರಂಜಾ ದಂಡೆ
ಜನವರಿಯಲ್ಲಿ ಎತ್ತಿಪೋತ ಅಂತ ಆಸೆ ಹುಟ್ಟಿಸಬೇಡಿ. ಅದು ಮಳೆಗಾಲದ ಜಲಪಾತ. ಜುಲೈಯಿಂದ ಅಕ್ಟೋಬರ್ ತನಕ ಸರಿ, ಸಂಕ್ರಾಂತಿ ಹೊತ್ತಿಗೆ ಬಂಡೆ ಮೇಲೆ ಸಣ್ಣ ಧಾರೆ. ಹಿರಿಯರನ್ನ ಕಲ್ಲುದಾರಿಯಲ್ಲಿ ಇಳಿಸಿ ಕರ್ಕೊಂಡು ಹೋಗಿ ಏನು ತೋರಿಸ್ತೀರಿ?

ಲಂಬಾಣಿ ತಾಂಡಾ ಹಾದಿ
ಜಲಪಾತ ಬಿಡಿ, ಜಲಾಶಯಕ್ಕೆ ಜನವರಿ ಒಳ್ಳೆ ಕಾಲ. ಮಳೆಗಾಲದಲ್ಲಿ ನೀರು ಕೆಂಪು, ಬೇಸಿಗೆಯಲ್ಲಿ ತಳ ಕಾಣುತ್ತೆ, ಈಗ ನೀರು ತಿಳಿ. ಎರಡಕ್ಕೂ ಕಾಲ ಬೇರೆ ಅನ್ನೋದನ್ನ ಒಪ್ಪುತ್ತೇನೆ. ಅರಣ್ಯ ಇಲಾಖೆಯ ವಸತಿ ಬೇಕಿದ್ದರೆ ಮೊದಲೇ ಕಾಯ್ದಿರಿಸಿ, ಸಂಕ್ರಾಂತಿ ರಜೆಯಲ್ಲಿ ನೇರ ಹೋಗಿ ಕೇಳಿದರೆ ಸಿಗೋದು ಕಷ್ಟ. ಕಾಡಿನೊಳಗೆ ಮೊಬೈಲ್ ನೆಟ್‌ವರ್ಕ್ ಬಿಟ್ಟುಬಿಟ್ಟು ಬರುತ್ತೆ, ನಕ್ಷೆ ಮೊದಲೇ ಫೋನಿಗೆ ಇಳಿಸಿಕೊಳ್ಳಿ. ಡೀಸೆಲ್ ಪೆಟ್ರೋಲ್ ಚಿಂಚೋಳಿಯಲ್ಲೇ ತುಂಬಿಸಿ. ನಕ್ಷೆ ತೋರಿಸೋ ಅಡ್ಡದಾರಿ ಕೆಲವು ತಾಂಡಾಗಳ ಹೊಲದ ಬದುವಿಗೆ ಹೋಗಿ ಮುಗಿಯುತ್ತೆ. ತಾಂಡಾದಲ್ಲಿ ಕೇಳಿದರೆ ಕನ್ನಡದಲ್ಲೇ ದಾರಿ ಹೇಳ್ತಾರೆ.

ತೊಗರಿಕಾಳು
ಜನವರಿ ಅಂದ್ರ ತೊಗರಿ ರಾಶಿ ಕಾಲ. ಇದನ್ನ ಹೊರಗಿನಿಂದ ಬರೋರಿಗೆ ಯಾರೂ ಹೇಳಲ್ಲ. ಹಳ್ಳಿ ಸಡಕಿನ ಮ್ಯಾಲೆ ತೊಗರಿ, ಕಡ್ಲಿ, ಹೊಟ್ಟು ಹರವಿರ್ತಾರ, ಗಾಡಿ ಹಾದು ತುಳೀಲಿ ಅಂತ. ಅದರ ಮ್ಯಾಲೆ ಓಡಿಸಿದ್ರ ಒಣ ಕಟ್ಟಿಗಿ, ಬಳ್ಳಿ ಗಾಲಿ ಹತ್ರದ ಡ್ರೈವ್ ಶಾಫ್ಟಿಗೆ ಸುತ್ಕೊಂತದ, ಕೆಲವು ಸೈಲೆನ್ಸರ್ ಮ್ಯಾಲೆ ಕುಂತು ಕಾಯ್ತದ. ಸುಟ್ಟ ವಾಸನಿ ಬಂದ ಕೂಡ್ಲೇ ಗಾಡಿ ಬರೀ ಸಡಕಿನ ಮ್ಯಾಲೆ ನಿಂದ್ರಸ್ರಿ. ಹೊಟ್ಟಿನ ಮ್ಯಾಲೆ, ಒಣ ಹುಲ್ಲಿನ ಮ್ಯಾಲೆ ಮಾತ್ರ ನಿಂದ್ರಸಬ್ಯಾಡ್ರಿ, ಅಲ್ಲೇ ಹೊತ್ಕೊಂತದ. ಎಂಜಿನ್ ಬಂದ್ ಮಾಡಿ, ಆರಿದ ಮ್ಯಾಲೆ ಕೆಳಗ ಬಗ್ಗಿ ಕೋಲಿಲೇ ಎಳದು ತೆಗೀರಿ, ಕೈ ಹಾಕಬ್ಯಾಡ್ರಿ, ಸೈಲೆನ್ಸರ್ ಭಾಳ ಹೊತ್ತು ಬಿಸಿ ಇರ್ತದ. ಬದಿಗೆ ಜಾಗ ಇದ್ರ ರಾಶಿ ಬಿಟ್ಟು ಬದಿಯಿಂದ ಹೋಗ್ರಿ, ಇಲ್ಲಾ ಅಂದ್ರ ಮೊದಲನೇ ಗೇರಿನ್ಯಾಗ ಮೆಲ್ಲಕ ದಾಟ್ರಿ.

ಮಾಂಜ್ರಾ ಸವಾರ
ಬೀದರ್ ಕಡೆ ತೊಗರಿಗಿಂತ ಕಬ್ಬಿನ ಕಾಟ. ಸಕ್ಕರೆ ಕಾರ್ಖಾನೆ ನಡೆಯೋ ಕಾಲ. ಒಂದು ಟ್ರ್ಯಾಕ್ಟರಿಗೆ ಎರಡು ಟ್ರಾಲಿ, ಅಗಲಕ್ಕೆ ಹೊರಗೆ ಚಾಚಿದ ಕಬ್ಬು, ಹಿಂದೆ ಲೈಟು ಇಲ್ಲ, ರೇಡಿಯಂ ಪಟ್ಟಿಯೂ ಕಬ್ಬಿನ ಎಲೆಯಲ್ಲಿ ಮುಚ್ಚಿಹೋಗಿರುತ್ತೆ. ಈ ತಿಂಗಳು ಸೂರ್ಯ ಮುಳುಗೋದು ಆರೂ ಹತ್ತರ ಸುಮಾರು. ಆರೂವರೆ ಒಳಗೆ ರೂಮು ಸೇರೋ ಲೆಕ್ಕದಲ್ಲಿ ದಿನ ಹಾಕಿಕೊಳ್ಳಿ. ಸಂಜೆ ಕೆರೆ ನೋಡಬೇಕು ಅಂದ್ರೆ ಕೆರೆ ಇರೋ ಊರಲ್ಲೇ ಉಳಿಯಬೇಕು ಅನ್ನೋದಕ್ಕೆ ಇದೇ ದೊಡ್ಡ ಕಾರಣ.

ಹಾದಿಹೋಕ
ಕಾರಂಜಾ ಹತ್ತಿರ ಉಳಿಯೋ ಊರು ಯಾವುದು? ಬೀದರಿನ ನರಸಿಂಹ ಝರಣಿ ಗುಹಾ ದೇವಸ್ಥಾನ ಸೇರಿಸಬಹುದಾ?

ಕಾರಂಜಾ ದಂಡೆ
ಕಾರಂಜಾ ಅಣೆಕಟ್ಟು ಭಾಲ್ಕಿ ತಾಲೂಕಿನ ಬ್ಯಾಲಹಳ್ಳಿ ಹತ್ತಿರ. ಉಳಿಯೋಕೆ ಹುಮನಾಬಾದ್ ಅಥವಾ ಭಾಲ್ಕಿ. ಮಾಂಜ್ರಾ ನದಿಗೆ ಸೇರೋ ಕಾರಂಜಾ ಹೊಳೆಗೆ ಕಟ್ಟಿದ್ದು. ಹಿನ್ನೀರು ಬಹಳ ಅಗಲ ಮತ್ತು ಆಳ ಕಡಿಮೆ, ಮಟ್ಟ ಸ್ವಲ್ಪ ಇಳಿದರೂ ದಂಡೆ ದೂರ ಸರಿಯುತ್ತೆ. ಎರೆಹೊಲ ಹೇಳಿದ ಕೋಲಿನ ಪರೀಕ್ಷೆ ಇಲ್ಲಿ ಎರಡು ಪಟ್ಟು ಮುಖ್ಯ. ಅಣೆಕಟ್ಟಿನ ಮೇಲೆ ಫೋಟೊ ತೆಗೆಯೋ ಮುಂಚೆ ಕಾವಲುಗಾರರನ್ನ ಕೇಳಿ. ಡ್ರೋನ್ ತರಲೇಬೇಡಿ, ಬೀದರಿನಲ್ಲಿ ವಾಯುಪಡೆಯ ನಿಲ್ದಾಣ ಇದೆ.

ಝರಣಿ ಹಿರಿಯರಿಗೆ ಬೇಡ. ಗುಹೆಯೊಳಗೆ ಸುಮಾರು 300 ಮೀಟರ್ ನೀರಲ್ಲೇ ನಡೀಬೇಕು, ಸೊಂಟದಿಂದ ಎದೆ ಮಟ್ಟದ ನೀರು, ಜನ ಹೆಚ್ಚಾದರೆ ಒಳಗೆ ಉಸಿರು ಕಟ್ಟುತ್ತೆ. ಬೆಳಗಿನ ಚಳಿಗೆ ಬೀದರ್ ಪ್ರಸ್ಥಭೂಮಿ ಕಲಬುರಗಿಗಿಂತ ತಣ್ಣಗೆ, ಒದ್ದೆ ಬಟ್ಟೆಯಲ್ಲಿ ಹೊರಬಂದರೆ ಎರಡು ದಿನ ಜ್ವರ. ಬದಲಿಗೆ ಪಾಪನಾಶ ಕೆರೆಗೆ ಕರ್ಕೊಂಡು ಹೋಗಿ, ಬೀದರ್ ಊರ ಅಂಚಿನಲ್ಲೇ ಇದೆ, ಗುಡಿ ಇದೆ, ಕೂರೋಕೆ ಜಾಗ ಇದೆ.

ಹುಮನಾಬಾದಿನಿಂದ ಜಲಸಂಗಿ ಹತ್ತಿರ. ಅಲ್ಲಿನ ಕಲ್ಯಾಣ ಚಾಲುಕ್ಯರ ಗುಡಿಯ ಹೊರಗೋಡೆಯಲ್ಲಿ ಬೆನ್ನು ತಿರುಗಿಸಿ ನಿಂತು ಶಾಸನ ಬರೆಯುತ್ತಿರೋ ಶಿಲಾಬಾಲಿಕೆ ಇದ್ದಾಳೆ, ಬರೆದಿರೋದು ಆರನೇ ವಿಕ್ರಮಾದಿತ್ಯನ ಹೊಗಳಿಕೆ. ಹತ್ತಿರ ಹೋಗಿ ನೋಡಿ. ಮಧ್ಯಾಹ್ನದ ಅಡ್ಡ ಬಿಸಿಲು ಬಿದ್ದಾಗ ಅಕ್ಷರ ಚೆನ್ನಾಗಿ ಕಾಣುತ್ತೆ.

ಹಾದಿಹೋಕ
ಊಟದ ಬಗ್ಗೆ ಒಂದೆರಡು ಮಾತು ಹೇಳಿ. ಇಬ್ಬರಿಗೂ ಖಾರ ಆಗಲ್ಲ.

ಖಡಕ್ ರೊಟ್ಟಿ
ಖಾರ ಆಗಲ್ಲ ಅಂದ್ರ ಮೊದಲೇ ಹೇಳ್ರಿ ಖಾನಾವಳಿಯವರಿಗೆ, ಪುಂಡಿಪಲ್ಯ, ಬ್ಯಾಳಿ, ಮೊಸರು, ಬಿಸಿರೊಟ್ಟಿ ಕೊಡ್ತಾರ. ಪುಂಡಿಪಲ್ಯ ಹುಳಿ, ಖಾರ ಕಡಿಮಿ. ಎಣಗಾಯಿ ಬ್ಯಾಡ, ಅದರಾಗ ಖಾರ ತಗ್ಗಸಕ್ಕ ಬರಲ್ಲ, ಮಸಾಲಿ ಒಳಗ ತುಂಬಿಬಿಟ್ಟಿರ್ತಾರ. ಖಾನಾವಳಿ ಊಟ ಹನ್ನೆರಡೂವರೆಯಿಂದ ಎರಡೂವರೆ ಒಳಗ. ಮೂರಕ್ಕ ಹೋದ್ರ ರೊಟ್ಟಿ ತೀರಿ ಅನ್ನ ಉಳಿದಿರ್ತದ. ಮುಂಜಾನಿ ಸಣ್ಣ ಊರಾಗ ಸುಸಲಾ, ಮಿರ್ಚಿ ಏಳಕ್ಕ ತಯಾರ್. ಕೆರಿ ದಂಡಿಗೆ ಒಯ್ಯಾಕ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಒಂದು ಡಬ್ಬಿ ಮೊಸರು ಕಟ್ಟಿಸ್ಕೊಳ್ರಿ, ಖಡಕ್ ರೊಟ್ಟಿ ನಾಲ್ಕು ದಿನ ಆರಾಮ ಇರ್ತದ. ಹಲ್ಲು ಸಡಿಲ ಇದ್ದೋರಿಗೆ ರೊಟ್ಟಿ ಮುರದು ಮೊಸರಿನ್ಯಾಗ ಹತ್ತು ನಿಮಿಷ ನೆನಿಸಿ ಕೊಡ್ರಿ.

ಕಮಲಾಪುರ ದಾಟೋವಾಗ ಕೆಂಪು ಬಾಳೆಹಣ್ಣು ತಗೊಳ್ರಿ, ಭೌಗೋಳಿಕ ಗುರುತು ಸಿಕ್ಕ ಹಣ್ಣು ಅದು. ಮುಟ್ಟಿದ್ರ ಸ್ವಲ್ಪ ಮೆತ್ತಗ ಇರಬೇಕು. ಗಟ್ಟಿ ಇದ್ದಾಗ ತಿಂದ್ರ ಒಗರು.

ಬಾನಾಡಿ ನೋಟ
ಎಳ್ಳಮಾವಾಸ್ಯೆಗೆ ಬಂದಿದ್ದರೆ ಹೊಲದಲ್ಲೇ ಭಜ್ಜಿ, ಸಜ್ಜೆ ರೊಟ್ಟಿ ಸಿಗ್ತಿತ್ತು!

ಖಡಕ್ ರೊಟ್ಟಿ
ಸಿಗ್ತಿತ್ತು, ಆದ್ರ ಪೇಟಿ ಬಂದ್ ಇರ್ತಿತ್ತು. ಎಲ್ಲರೂ ಚರಗ ಚೆಲ್ಲಾಕ ಹೊಲಕ್ಕ ಹೋಗಿರ್ತಾರ. ಪರಿಚಯದೋರು ಇದ್ದಾಗ ಆ ದಿನ ಬರೋದು ಛಲೋ.

ಸಗರನಾಡು
ಹಾದಿಹೋಕರೇ, ಕಡೀಗೆ ಯಾವುದು ಇಟ್ಕೊಂಡ್ರಿ?

ಹಾದಿಹೋಕ
ಉತ್ತರ. ಕಾರಣ ಮೂರು: ಮೈಲಾಪುರ ಜಾತ್ರೆಯ ದಿನಗಳು, ನೆಲಮಹಡಿ ರೂಮು, ದಂಡೆಗೆ ಹತ್ತಿರದ ನಡಿಗೆ. 12ಕ್ಕೆ ಚಿಂಚೋಳಿ, ಸಂಜೆ ಚಂದ್ರಂಪಳ್ಳಿ. 13 ಮುಂಜಾನೆ ಮತ್ತೆ ಜಲಾಶಯ, ಮಧ್ಯಾಹ್ನ ಹುಮನಾಬಾದ್ ದಾಟಿ ಬಸವಕಲ್ಯಾಣ. 14 ಪೂರ್ತಿ ಬಸವಕಲ್ಯಾಣ, ತ್ರಿಪುರಾಂತಕ ಕೆರೆ. 15ಕ್ಕೆ ಜಲಸಂಗಿ ನೋಡಿ ಕಮಲಾಪುರ ಮೇಲಿಂದ ವಾಪಸ್. ಕಾರಂಜಾ, ಬೀದರ್ ಕೈಬಿಟ್ಟೆ. ಬೋನಾಳ ಫೆಬ್ರವರಿಗೆ ಇಟ್ಟುಕೊಂಡರೆ ಹೆಬ್ಬಾತು ಇರ್ತವಾ?

ಬಾನಾಡಿ ನೋಟ
ಫೆಬ್ರವರಿ ಮೊದಲ ಎರಡು ವಾರ ಧೈರ್ಯವಾಗಿ ಹೋಗಿ. ಮಾರ್ಚ್ ಬಂದಂತೆ ಬಿಸಿಲು ಏರುತ್ತೆ, ಅವು ಉತ್ತರಕ್ಕೆ ಹೊರಡ್ತವೆ. ಸ್ಥಳೀಯ ಕೊಕ್ಕರೆಗಳು ಆಮೇಲೂ ಇರ್ತವೆ.

ಲಂಬಾಣಿ ತಾಂಡಾ ಹಾದಿ
ಯೋಜನೆ ಚೆನ್ನಾಗಿದೆ. ಒಂದೇ ತಿದ್ದುಪಡಿ: 12ಕ್ಕೆ ಕಲಬುರಗಿಯಿಂದ ಬೆಳಿಗ್ಗೆ ಎಂಟಕ್ಕಾದರೂ ಬಿಡಿ. ತಡ ಮಾಡಿ ಹೊರಟರೆ ಚಿಂಚೋಳಿಯಲ್ಲಿ ಊಟ ಮುಗಿಸೋ ಹೊತ್ತಿಗೆ ನಾಲ್ಕು ಗಂಟೆ, ಕಾಡಿನ ದಾರಿಯಲ್ಲಿ ಹೊತ್ತು ಮುಳುಗುತ್ತೆ. ಜಲಾಶಯದ ನೀರಿಗೆ ಇಳಿಯಬೇಡಿ. ದಂಡೆಯ ಕಲ್ಲಿನ ಮೇಲೆ ಪಾಚಿ ಇರುತ್ತೆ, ಒಂದು ಹೆಜ್ಜೆ ಆಚೆಗೆ ಆಳ, ಮೀನಿನ ಬಲೆ ಕಾಲಿಗೆ ಸುತ್ತಿಕೊಳ್ಳುತ್ತೆ. ತೆಪ್ಪದವರು ಕರೆದರೂ ಲೈಫ್ ಜಾಕೆಟ್ ಇಲ್ಲದೆ ಹತ್ತಬೇಡಿ.

ಎರೆಹೊಲ
ಗೋಣಿಚೀಲ ಎರಡು, ಸನಿಕೆ ಒಂದು, ಐದು ಮೀಟರಿನ ಎಳೆಯೋ ಪಟ್ಟಿ, ಗಾಳಿ ಪಂಪು. ಸ್ಟೆಪ್ನಿಯ ಗಾಳಿಯನ್ನ ಇವತ್ತೇ ನೋಡಿಸಿ. ತಿಂಗಳುಗಟ್ಟಲೆ ಡಿಕ್ಕಿಯಲ್ಲಿ ಬಿದ್ದಿದ್ದು ಅರ್ಧಕ್ಕರ್ಧ ಇಳಿದಿರುತ್ತೆ.

ತೊಗರಿಕಾಳು
ಬಸವಕಲ್ಯಾಣದ ರೂಮು ಸಂಕ್ರಾಂತಿಗೆ ಇವತ್ತೇ ಹೇಳಿಡ್ರಿ. ಫೋನಿನ್ಯಾಗ ಕೇಳೋವಾಗ ನೆಲಮಹಡಿ ಮತ್ತ ಕಮೋಡ್ ಎರಡೂ ಸೇರಿಸಿ ಕೇಳ್ರಿ. ನೆಲಮಹಡಿ ಇದ್ದಲ್ಲಿ ದೇಶಿ ಪಾಯಖಾನಿ ಇರೋದೇ ಹೆಚ್ಚು.